ನಲವತ್ತು ಮನೆ ಸೇರಿ ಕರೆಂಟ್ ಉಳಿಸುವುದು ಹೇಗೆ?

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಮೊದಲು ಬರುವ ಸಲಹೆ, 'ಎಲ್ಲರೂ ಸೇರಿ ಎಲ್ಇಡಿ ಬಲ್ಬ್ ತರೋಣ' ಎಂಬುದು. ಈಗ ಬೇಡ. ಬಲ್ಬು ಬಹುತೇಕ ಮನೆಗಳಲ್ಲಿ ಆಗಲೇ ಬದಲಾಗಿದೆ. ಯೂನಿಟ್ಟುಗಳು ಹೆಚ್ಚು ಹೋಗುವುದು ಫ್ಯಾನು, ಗೀಸರ್ ಮತ್ತು ನೀರೆತ್ತುವ ಮೋಟಾರಿಗೆ. ಹಾಗಾಗಿ ಮೊದಲು ಪ್ರತಿ ಮನೆಯ, ಕೆಳಗಿನ ಅಂಗಡಿಗಳ ಮತ್ತು ಸಾಮಾನ್ಯ ಮೀಟರಿನ (ಲಿಫ್ಟ್, ಮೋಟಾರು, ಮೆಟ್ಟಿಲ ದೀಪ ಹೀಗೆ ಎಲ್ಲರಿಗೂ ಸೇರಿದ್ದರ ಮೀಟರ್) 12 ತಿಂಗಳ ಬಿಲ್ ಕೂಡಿಸಿ, ಆರ್.ಆರ್. ನಂಬರ್ ಪ್ರಕಾರ ಒಂದೇ ಪಟ್ಟಿಯಲ್ಲಿ ಯೂನಿಟ್ ಬರೆದುಕೊಳ್ಳಿ. ರೂಪಾಯಿ ಬರೆದರೆ ದರ ಬದಲಾದಾಗ ಲೆಕ್ಕ ಕೆಡುತ್ತದೆ.

'ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ, ನಮಗೇಕೆ?' ಎನ್ನುವವರು ಇದ್ದೇ ಇರುತ್ತಾರೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 180–200ರ ಅಂಚಿನಲ್ಲಿರುವ ಮನೆಗೆ ಬೇಸಿಗೆಯ ಫ್ಯಾನೇ ಆ ಗೆರೆ ದಾಟಿಸಬಹುದು. ಇಂಥವರನ್ನು ಪಟ್ಟಿಯಲ್ಲಿ ಗುರುತಿಸಿ, ಮೊದಲು ಅವರ ಹತ್ತಿರ ಹೋಗಿ.

ಮೋಟಾರನ್ನು ಅಳೆಯದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಓವರ್‌ಹೆಡ್ ಟ್ಯಾಂಕಿನಿಂದ ಮನೆಗಳಿಗೆ ಇಳಿಯುವ ವಾಲ್ವ್ ಮುಚ್ಚಿ, ಸಾಮಾನ್ಯ ಮೀಟರಿನ ದೀಪ, ಲಿಫ್ಟ್ ನಿಲ್ಲಿಸಿ, ಮೋಟಾರನ್ನು ಸರಿಯಾಗಿ ಅರ್ಧ ಗಂಟೆ ಓಡಿಸಿ. ಟ್ಯಾಂಕಿನ ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದು ನೀರು 1 ಮೀಟರ್ ಏರಿದರೆ 6,000 ಲೀಟರ್, ಅಂದರೆ ಗಂಟೆಗೆ 12 ಘನ ಮೀಟರ್. ಸಂಪಿನ ನೀರಿನ ಮಟ್ಟದಿಂದ ಮೇಲೆ ಪೈಪಿನ ಬಾಯಿವರೆಗೆ 25 ಮೀಟರ್ ಎಂದುಕೊಳ್ಳಿ. 12×25 ಅನ್ನು 367ರಿಂದ (ಇದು ಗಂಟೆಯ ಘನ ಮೀಟರ್ ಮತ್ತು ಎತ್ತರದ ಗುಣಲಬ್ಧವನ್ನು ಕಿಲೋವ್ಯಾಟಿಗೆ ತರುವ ಸ್ಥಿರ ಸಂಖ್ಯೆ) ಭಾಗಿಸಿದರೆ 0.82 ಕಿಲೋವ್ಯಾಟ್: ನೀರೆತ್ತಲು ನಿಜಕ್ಕೂ ಬೇಕಾದದ್ದು ಇಷ್ಟೇ. ಅದೇ ಅರ್ಧ ಗಂಟೆಯಲ್ಲಿ ಮೀಟರ್ 1.4 ಯೂನಿಟ್ ಓಡಿದ್ದರೆ ಮೋಟಾರು ಎಳೆದದ್ದು 2.8 ಕಿಲೋವ್ಯಾಟ್. ದಕ್ಷತೆ ಶೇಕಡ 29! ಶೇಕಡ 45ರ ಪಂಪ್ ಹಾಕಿದರೆ ದಿನಕ್ಕೆ 4 ಗಂಟೆಯ ಓಟದಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್ ಉಳಿಯುತ್ತದೆ.

ಇಷ್ಟು ಕೆಳಗಿಳಿಯಲು ಸವೆದ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ), ಹಲವು ಸಲ ಆದ ರೀವೈಂಡಿಂಗ್, ಅರ್ಧ ಕಟ್ಟಿಕೊಂಡ ಫುಟ್‌ವಾಲ್ವ್ (ಸಂಪಿನೊಳಗಿನ ಪೈಪಿನ ತುದಿಯ ವಾಲ್ವ್) ಕಾರಣವಾಗಬಹುದು. ಎಲ್ಲಕ್ಕಿಂತ ದೊಡ್ಡ ತಪ್ಪು ಎಚ್‌ಪಿ ಮಾತ್ರ ನೋಡಿ ಪಂಪ್ ಖರೀದಿಸುವುದು. 45 ಮೀಟರ್ ಎತ್ತರಕ್ಕೆ ಮಾಡಿದ ಪಂಪನ್ನು 25 ಮೀಟರಿಗೆ ಹಾಕಿದರೆ ಅದು ದಕ್ಷತೆಯ ಜಾಗದಲ್ಲಿ ಓಡುವುದೇ ಇಲ್ಲ. ಅಂಗಡಿಯಲ್ಲಿ ಎತ್ತರ ಮತ್ತು ಗಂಟೆಗೆ ಬೇಕಾದ ಲೀಟರ್ ಎರಡನ್ನೂ ಹೇಳಿ, ಕಂಪನಿಯ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು, ಎಷ್ಟು ದಕ್ಷತೆ ಎಂದು ತೋರಿಸುವ ನಕ್ಷೆ) ತೋರಿಸಲು ಕೇಳಿ. ಟ್ಯಾಂಕ್ ತುಂಬಿ ಹರಿಯದಂತೆ ಫ್ಲೋಟ್ ಸ್ವಿಚ್ ಕೂಡ ಹಾಕಿಸಿ.

ಫ್ಯಾನಿನ ಲೆಕ್ಕ ಸುಲಭ. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ (ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟಾರಿನ ಫ್ಯಾನು) ಸುಮಾರು 30. ದಿನಕ್ಕೆ 10 ಗಂಟೆ ಓಡಿದರೆ ಒಂದಕ್ಕೆ ವರ್ಷಕ್ಕೆ 164 ಯೂನಿಟ್ ಉಳಿತಾಯ. ಮನೆಗೆ ಮೂರರಂತೆ 120 ಫ್ಯಾನಿಗೆ 19,700. ಸಗಟಾಗಿ ತರುವ ಮೊದಲು ಎರಡು ಮನೆಯಲ್ಲಿ 15 ದಿನ ಓಡಿಸಿ ನೋಡಿ. ಗೋಡೆಯ ಹಳೆ ರೆಗ್ಯುಲೇಟರನ್ನು ತೆಗೆಸಿ ನೇರ ಸಂಪರ್ಕ ಕೊಡಿಸಬೇಕು. ಅದನ್ನು ತಿರುಗಿಸಿ ವೇಗ ಇಳಿಸಿದರೆ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹಾಳಾಗಬಹುದು. ಚೌಕ ಅಲೆಯ ಹಳೆ ಇನ್ವರ್ಟರ್ ಇರುವ ಮನೆಯಲ್ಲಿ ಗುಂಯ್‌ಗುಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ವಾರಂಟಿ ಮೋಟಾರಿಗಷ್ಟೇ ಅಲ್ಲ, ಬೋರ್ಡಿಗೂ ಇದೆ ಎಂದು ಬರೆಸಿಕೊಳ್ಳಿ.

ಹಳೆ ಫ್ಯಾನನ್ನು ಅಂದೇ ಇಳಿಸಿ ಗುಜರಿಗೆ ಹಾಕಿ. ಮನೆಯಲ್ಲೇ ಬಿಟ್ಟರೆ ಅದು ಹಜಾರದಿಂದ ಅಡುಗೆಮನೆಗೆ ಹೋಗಿ ಮತ್ತೆ ತಿರುಗುತ್ತದೆ. ಉಳಿತಾಯ ಬಿಲ್ಲಿನಲ್ಲಿ ಕಾಣದೆ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ಬಾಡಿಗೆ ಮನೆಯಾದರೆ ಮಾಲೀಕರ ಫ್ಯಾನು ಸಂಘದ ಕೋಣೆಯಲ್ಲಿ ಚೀಟಿ ಹಚ್ಚಿ ಇರಲಿ, ಬಾಡಿಗೆದಾರರು ಹೋಗುವಾಗ ತಮ್ಮದನ್ನು ಬಿಚ್ಚಿಕೊಂಡು ಹೋಗಲಿ. ಈ ಮಾತನ್ನು ಮೊದಲೇ ಆಡಿಕೊಂಡರೆ ಬಾಡಿಗೆದಾರರೂ ಧೈರ್ಯವಾಗಿ ಸೇರುತ್ತಾರೆ.

ಗೀಸರಿಗೆ ಹೆಚ್ಚು ಖರ್ಚು ಬೇಡ: ಥರ್ಮೋಸ್ಟಾಟ್ 50 ಡಿಗ್ರಿಗೆ ಇಳಿಸಿ, ಬೋರ್‌ವೆಲ್ ನೀರಾದರೆ ವರ್ಷಕ್ಕೊಮ್ಮೆ ಕಾಯಿಲ್ ಮೇಲಿನ ಸುಣ್ಣ ತೆಗೆಸಿ.

ಅಂಗಡಿಗಳಿಗೆ ಗೃಹಜ್ಯೋತಿ ಇಲ್ಲ, ಹಾಗಾಗಿ ಪ್ರತಿ ಯೂನಿಟ್ಟೂ ದುಡ್ಡೇ. ಜೊತೆಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ನಿಗದಿತ ಶುಲ್ಕ ಬೇರೆ. ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಸುಮಾರು 50 ವ್ಯಾಟ್ ತಿನ್ನುತ್ತದೆ, ಅದರ ಜಾಗಕ್ಕೆ 20 ವ್ಯಾಟಿನ ಎಲ್ಇಡಿ ಬ್ಯಾಟನ್ (ಉದ್ದನೆಯ ದೀಪದ ಪಟ್ಟಿ) ಸಾಕು. ಎಲ್ಲ ಬದಲಾದ ಮೇಲೆ ಮೂರು ತಿಂಗಳು ಮೀಟರಿನ ಗರಿಷ್ಠ ಬೇಡಿಕೆ (ತಿಂಗಳಲ್ಲಿ ಒಮ್ಮೆಗೆ ಎಳೆದ ಅತಿ ಹೆಚ್ಚು ಕಿಲೋವ್ಯಾಟ್) ಗಮನಿಸಿ, ಲೋಡ್ ಇಳಿಸಲು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ.

ಗುತ್ತಿಗೆದಾರರಿಗೆ ಕೊನೆಯ ಶೇಕಡ 10ರ ಹಣವನ್ನು, ಪಂಪಿನ ಅದೇ ಅರ್ಧ ಗಂಟೆಯ ಪರೀಕ್ಷೆ ಮತ್ತೊಮ್ಮೆ ಮಾಡಿ ಅಂಕಿ ಸರಿಬಂದ ಮೇಲೆ ಕೊಡಿ.