ಭರಣಿ ಮಳೇಲಿ ಕಾರ್ ತಗೀತೀರಾ? ಇಷ್ಟ್ ಓದ್ಕೊಂಡ್ ಹೋಗಿ

ನಮ್ ತುಮಕೂರ್ ಕಡೆ ಮಳೆ ಕಮ್ಮಿ, ಅದಕ್ಕೇ ಮಳೇಲಿ ಗಾಡಿ ಓಡ್ಸೋ ಅಭ್ಯಾಸಾನೂ ಕಮ್ಮಿ. ಮಲ್ನಾಡ್‌ನೋರು ಜಡಿಮಳೇಲೇ ಡ್ರೈವಿಂಗ್ ಕಲ್ತಿರ್ತಾರೆ, ನಮ್ದೆಲ್ಲ ಒಣಗಿದ್ ರೋಡಲ್ಲಿ ಕಲ್ತ ಕೈ.

ಡೇಂಜರ್ ಅಂದ್ರೆ ಏಪ್ರಿಲ್ ಕೊನೇಲಿ ಭರಣಿ ಮಳೆ ಬರತ್ತಲ್ಲ, ಅದು ಶುರುವಾದಾಗಿನ ಮೊದ್ಲು ಅರ್ಧ ಗಂಟೆ. ತಿಂಗಳುಗಟ್ಲೆ ಕೂತಿರೋ ಧೂಳು, ಲಾರಿಗಳಿಂದ ತೊಟ್ಟಿಕ್ಕಿರೋ ಆಯಿಲ್ಲು, ಸವೆದ ಟೈರಿನ ಪುಡಿ ಎಲ್ಲಾ ನಾಲ್ಕ್ ಹನಿಗೆ ಕಲಸ್ಕೊಂಡು ರೋಡಿಗೆ ಸೋಪ್ ಹಚ್ಚಿದಂಗೆ ಆಗಿರತ್ತೆ, ಜೋರಾಗಿ ಹುಯ್ದು ತೊಳ್ದೋದ್ರೆ ಎಷ್ಟೋ ವಾಸಿ. ನಾನು ಊರ್ಡಿಗೆರೆ ರೋಡಲ್ಲಿ ತುಂತುರು ತಾನೆ ಅಂತ ತಿರುವಲ್ಲಿ ಬ್ರೇಕ್ ಒತ್ತಿ ಸೀದಾ ಲಂಟಾನ ಪೊದೆಗೆ ಹೋಗಿ ನಿಂತಿದ್ದೆ, ಪುಣ್ಯಕ್ಕೆ ಎದುರಿಗೆ ಯಾರೂ ಬರ್ತಿರ್ಲಿಲ್ಲ. ಬ್ರೇಕು ತಿರುವಿಗೆ ಮುಂಚೇನೇ ಹಿಡೀಬೇಕು, ತಿರುವಲ್ಲಲ್ಲ. ಟ್ರ್ಯಾಕ್ಟರ್ ಹೊಲದಿಂದ ರೋಡಿಗೆ ಹತ್ತಿರೋ ಕಡೆ ಕೆಮ್ಮಣ್ಣು ಬಿದ್ದಿರತ್ತೆ, ಅಲ್ಲೂ ಅಷ್ಟೇ.

ಸಿರಾ ಹೈವೇಲಿ ಕಥೆ ಬೇರೆ. 80, 90ರಲ್ಲಿ ನಿಂತ ನೀರ್ ಮೇಲೆ ಹೋದ್ರೆ ಟೈರು ನೀರ್ನ ಪಕ್ಕಕ್ಕೆ ತಳ್ಳೋಕಾಗ್ದೆ ಅದ್ರ ಮೇಲೇ ತೇಲತ್ತೆ, ಸ್ಟೇರಿಂಗ್ ಇದ್ದಕ್ಕಿದ್ದಂಗೆ ಹಗುರ ಆಗ್ಬಿಡತ್ತೆ. ಆಗ ಬ್ರೇಕ್ ಒದೀಬೇಡಿ, ಸ್ಟೇರಿಂಗ್ ತಿರುಗಿಸ್ಬೇಡಿ, ಆಕ್ಸಿಲರೇಟರ್ ಮೇಲಿಂದ ಕಾಲ್ ತೆಗ್ದು ನೆಟ್ಟಗೆ ಹಿಡ್ಕೊಳ್ಳಿ, ಹಿಡಿತ ತಾನಾಗೇ ವಾಪಸ್ ಬರತ್ತೆ. ಟೈರ್ ಗೆರೆಗಳ ಮಧ್ಯೆ ಸಣ್ಣ ಉಬ್ಬು ಇರತ್ತೆ ನೋಡಿ, ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತು ಅಂದ್ರೆ ಉಳಿದಿರೋದು ಬರೀ 1.6 ಮಿಲಿಮೀಟರ್, ಬದಲಾಯಿಸ್ಲೇಬೇಕು. ನಾನಾದ್ರೆ ಮಳೆಗಾಲಕ್ಕೆ ಅಲ್ಲೀವರ್ಗೂ ಕಾಯಲ್ಲ.

ಮುಂದಿನ ಗಾಡಿ ಒಂದ್ ಕಂಬ ದಾಟಿದ್ ಮೇಲೆ ನೀವು ಆ ಕಂಬ ಮುಟ್ಟೋಕೆ ನಾಲ್ಕ್ ಸೆಕೆಂಡಾದ್ರೂ ಆಗ್ಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳ್ಳೋ ವ್ಯವಸ್ಥೆ) ಇದ್ರೆ ಎಮರ್ಜೆನ್ಸೀಲಿ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡೀರಿ, ಕಾಲಡಿ ಕಟಕಟ ಅಂದ್ರೂ ಬಿಡ್ಬೇಡಿ. ಗ್ಲಾಸ್ ಮಂಜಾದ್ರೆ ಏಸಿ ಹಾಕಿ ಗಾಳಿ ಗ್ಲಾಸ್ ಕಡೆ ತಿರುಗ್ಸಿ, ಬಟ್ಟೇಲಿ ಒರಸ್ತಾ ಓಡ್ಸೋದಲ್ಲ. ಹಗಲಾದ್ರೂ ಹೆಡ್‌ಲೈಟ್ ಇರ್ಲಿ, ಲೋ ಬೀಮಲ್ಲಿ. ಇನ್ನು ಓಡೋ ಗಾಡೀಲಿ ನಾಲ್ಕೂ ಇಂಡಿಕೇಟರ್ ಮಿಣಮಿಣ ಅನ್ನಿಸ್ಕೊಂಡ್ ಹೋಗೋರಿಗೆ ಏನ್ ಹೇಳ್ಲಿ ಸ್ವಾಮಿ, ನೀವ್ ನಿಂತಿದೀರೋ ಹೋಗ್ತಿದೀರೋ ಎಡಕ್ಕೋ ಬಲಕ್ಕೋ ಹಿಂದಿರೋನಿಗೆ ಹೆಂಗ್ ಗೊತ್ತಾಗ್ಬೇಕು?

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆರೆ ಕೋಡಿ ಬೀಳೋ ಟೈಮು. 2021ರ ನವೆಂಬರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆರೆಗಳು ಸಾಲಾಗಿ ಕೋಡಿ ಹರಿದಿದ್ವಲ್ಲ, ನಮ್ ಕಡೆ ಜಯಮಂಗಲಿ ನದೀನೂ ವರ್ಷಾನುಗಟ್ಲೆ ಒಣಗಿದ್ದು ಒಂದೇ ರಾತ್ರೀಲಿ ಮೈದುಂಬ್ಕೊಳ್ಳುತ್ತೆ. ರೋಡ್ ಮೇಲೆ ನೀರ್ ಹರೀತಿದ್ರೆ ಒಂದಡಿ ಸಾಕು ಸಣ್ಣ ಕಾರ್ ತೇಲಿಸೋಕೆ, ಕೆಳಗೆ ಡಾಂಬರ್ ಉಳಿದಿದ್ಯೋ ಕೊಚ್ಚೋಗಿದ್ಯೋ ಅದೂ ಕಾಣಲ್ಲ. ಬಸ್ ಹೋಯ್ತು ಅಂತ ಹಿಂದೇನೇ ನುಗ್ಬೇಡಿ, ಸುತ್ತಾದ್ರೂ ಬೇರೆ ದಾರಿ ಹಿಡೀರಿ.

ನಿಂತ ನೀರು, ಅದೂ ಕಮ್ಮಿ ಇದೆ ಅಂತ ಗ್ಯಾರಂಟಿ ಇದ್ರೆ ಮಾತ್ರ ಫಸ್ಟ್ ಗೇರಲ್ಲಿ ಒಂದೇ ಸಮ ದಾಟಿ, ಆಚೆ ಬಂದು ಬ್ರೇಕ್ ಮೆಲ್ಲಗೆ ಎರಡ್ ಮೂರ್ ಸಲ ಒತ್ತಿ ಒಣಗಿಸ್ಕೊಳ್ಳಿ. ಮಧ್ಯದಲ್ಲಿ ಆಫ್ ಆಯ್ತೋ, ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡ್ಬೇಡಿ. ಒಳಗೆ ನೀರ್ ಹೋಗಿದ್ರೆ ಇಂಜಿನ್ನೇ ಬಾಗ್ಲು ಹಾಕತ್ತೆ, ಮಾಮೂಲಿ ಇನ್ಶೂರೆನ್ಸಲ್ಲಿ ಅದಕ್ಕೆ ಸಾಮಾನ್ಯವಾಗಿ ದುಡ್ ಕೊಡಲ್ಲ. ಇಳ್ದು ನಾಲ್ಕ್ ಜನರನ್ನ ಕರ್ದು ತಳ್ಳಿಸ್ಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿ.