ಬೈರಾಸಿನ ವಾಸನೆ ಮಳೆಯದ್ದಲ್ಲ, ಮಷಿನ್‌ದು: ನನ್ನ ಅನುಭವ

ಕಟಪಾಡಿಯಲ್ಲಿ ನಮ್ಮ ಮನೆ. ಜೂನ್ ಬಂತೆಂದರೆ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಉಡುಪಿ ಕಡೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜಗಲಿಯ ಹಗ್ಗದಲ್ಲಿ ಚಂಡಿ ಬಟ್ಟೆ ಎರಡು ಮೂರು ದಿನ ನೇತಾಡುತ್ತಿರುತ್ತದೆ. ಹಾಗಾಗಿ ಬೈರಾಸಿಗೆ, ಅಂದರೆ ಮೈ ಒರೆಸುವ ಟವೆಲಿಗೆ, ಮುಗ್ಗಲು ವಾಸನೆ ಬಂದಾಗ, ಮಳೆಗಾಲ ಅಲ್ವಾ ಅಂತ ಸುಮ್ಮನಿದ್ದೆವು. ಆದರೆ ಜನವರಿಯ ಬಿಸಿಲಿಗೆ ಗರಿಗರಿಯಾಗಿ ಒಣಗಿದ ಬೈರಾಸು ಕೂಡ ಮೈ ಒರೆಸಿಕೊಂಡ ಕೂಡಲೇ ಅದೇ ವಾಸನೆ ಕೊಟ್ಟಿತು. ವಾಷಿಂಗ್ ಮಷಿನ್ ಬಾಗಿಲು ತೆಗೆದು ಮೂಸಿ ನೋಡಿದೆ. ವಾಸನೆ ಅಲ್ಲಿಂದಲೇ.

ನಮ್ಮದು ಫ್ರಂಟ್ ಲೋಡ್, ಆರು ವರ್ಷ ಹಳೆಯದು. ರಿಪೇರಿಗೆ ಬಂದವರು ಬಾಗಿಲಿನ ರಬ್ಬರ್ ನೋಡಿ, ಇದನ್ನು ಪೂರ್ತಿ ಬದಲಾಯಿಸಬೇಕು ಅಂದರು. ರಬ್ಬರ್ ಹರಿದಿರಲಿಲ್ಲ, ನೀರು ಸೋರುತ್ತಿರಲಿಲ್ಲ, ಇದ್ದದ್ದು ಬರೀ ಬೂಸ್ಟು. ಮೊದಲು ತೊಳೆದು ನೋಡೋಣ ಅಂತ ಒಂದು ಭಾನುವಾರ ನಾನೇ ಕುಳಿತೆ.

ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಎಳೆದು ನೋಡಿದರೆ ಒಳಗೆ ಕಪ್ಪು ಲೋಳೆ. ಕೂದಲು, ನೂಲು, ಕರಗದ ಸಾಬೂನು ಪುಡಿ, ಎಲ್ಲ ಸೇರಿ ಅಂಟಿನ ಹಾಗೆ ಕೂತಿತ್ತು. ಕೆಳಭಾಗದಲ್ಲಿ ನೀರು ಇಳಿಯಲು ಇರುವ ಚಿಕ್ಕ ತೂತುಗಳು ಕಟ್ಟಿಕೊಂಡು, ಮಡಿಕೆಯಲ್ಲಿ ನೀರು ನಿಂತೇ ಇತ್ತು. ಬ್ಲೀಚ್ ಅನ್ನು ನೀರಿನಲ್ಲಿ ತೆಳು ಮಾಡಿ, ಹಳೆಯ ಬನಿಯನ್ ತುಂಡುಗಳನ್ನು ಅದರಲ್ಲಿ ಅದ್ದಿ ಮಡಿಕೆಯೊಳಗೆ ಸುತ್ತಲೂ ತುರುಕಿಟ್ಟೆ. ಕೈಗೆ ಗ್ಲೌಸ್, ಕಿಟಕಿ ತೆರೆದಿತ್ತು. ಅರ್ಧ ಗಂಟೆ ಬಿಟ್ಟು ಟೂತ್ ಬ್ರಷ್‌ನಿಂದ ಉಜ್ಜಿ ಒರೆಸಿದೆ. ರಬ್ಬರಿನ ಒಳಗೇ ಇಳಿದ ಕಪ್ಪು ಚುಕ್ಕೆ ಕೆಲವು ಈಗಲೂ ಇವೆ, ಅದರಿಂದ ತೊಂದರೆ ಇಲ್ಲ. ಲೋಳೆ ಹೋಯಿತು, ಅದು ಮುಖ್ಯ.

ಆಮೇಲೆ ಒಂದು ತಪ್ಪು ಮಾಡಿದೆ. ಉಳಿದ ಬ್ಲೀಚ್ ನೀರನ್ನು ಬಿಳಿ ಪಂಚೆ, ಶಾಲೆಯ ಶರ್ಟಿನ ಜೊತೆ ಡ್ರಮ್ಮಿಗೆ ಹಾಕಿ ಓಡಿಸಿದೆ. ಹೊರಗೆ ಬಂದಾಗ ಪಂಚೆಯ ಮೇಲೆ ಹಳದಿ, ಕಂದು ಕಲೆ! ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲ. ಬಾವಿ ನೀರು ಸೇದಿದಾಗ ತಿಳಿಯಾಗಿರುತ್ತದೆ, ಬಕೆಟಿನಲ್ಲಿ ರಾತ್ರಿ ಇಟ್ಟರೆ ಅಡಿಯಲ್ಲಿ ಕೆಂಪು ಕೂರುತ್ತದೆ. ನೀರಿನಲ್ಲಿ ಕರಗಿರುವ ಕಬ್ಬಿಣ ಅದು. ಬ್ಲೀಚ್ ಬಿದ್ದ ಕೂಡಲೇ ಅದು ತುಕ್ಕಾಗಿ ಬಟ್ಟೆಗೆ ಹಿಡಿಯುತ್ತದೆ. ನಿಮ್ಮ ಬಾವಿ ನೀರೂ ಹೀಗೇ ಇದ್ದರೆ ಬಿಳಿ ಬಟ್ಟೆಗೆ ಬ್ಲೀಚ್ ಬೇಡವೇ ಬೇಡ.

ಆ ಕಲೆ ತೆಗೆದದ್ದು ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. ಪಂಚೆಯನ್ನು ಅದರ ಬಿಸಿ ನೀರಿನಲ್ಲಿ ನೆನೆಸಿದಾಗ ಕಲೆ ಬಹುಮಟ್ಟಿಗೆ ಬಿಟ್ಟಿತು. ಹಾಗಾದರೆ ಡ್ರಮ್ಮಿನ ಒಳಗಿನ ಕೆಂಪಿಗೂ ಇದೇ ಆಗಬಹುದು ಅಂತ, ಮುಂದಿನ ವಾರ ಖಾಲಿ ಡ್ರಮ್ಮಿಗೆ ನೂರು ಗ್ರಾಂ ಹಾಕಿ 60 ಡಿಗ್ರಿಯಲ್ಲಿ ಒಂದು ಸುತ್ತು, ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸುತ್ತು ಓಡಿಸಿದೆ. ಮೊದಲ ನೀರು ತೆಳು ಚಹಾದ ಬಣ್ಣದಲ್ಲಿ ಹೊರಬಂತು. ಮುಂದಿನ ವಾರದವರೆಗೆ ಕಾದದ್ದಕ್ಕೆ ಕಾರಣ ಇದೆ. ಬ್ಲೀಚ್ ಮತ್ತು ಸಿಟ್ರಿಕ್ ಆಸಿಡ್, ಅಥವಾ ಬ್ಲೀಚ್ ಮತ್ತು ವಿನೆಗರ್ ಒಟ್ಟು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅದು ವಿಷ. ದಯವಿಟ್ಟು ಎರಡನ್ನೂ ಒಂದೇ ದಿನ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ ವಾಸನೆ ಸಣ್ಣಗೆ ಮತ್ತೆ ಶುರುವಾಯಿತು. ಆಗ ನಿಜವಾದ ಕಾರಣ ಸಿಕ್ಕಿತು: ಸಾಬೂನು ಪುಡಿ. ಬೆಂಗಳೂರಿನಲ್ಲಿರುವ ತಂಗಿ ಬೋರ್‌ವೆಲ್ ನೀರಿಗೆ ಒಂದು ಕಪ್ ತುಂಬ ಹಾಕುತ್ತಾಳೆ, ನಾವೂ ಹಾಗೇ ಹಾಕುತ್ತಿದ್ದೆವು. ಅಲ್ಲಿಯ ನೀರು ಗಡಸು, ನೊರೆ ಬರುವುದೇ ಕಷ್ಟ, ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನಮ್ಮ ಬಾವಿ ನೀರು ಮೆತ್ತಗೆ, ಒಂದು ಚಿಟಿಕೆಗೇ ನೊರೆ ಉಕ್ಕುತ್ತದೆ. ಜಾಸ್ತಿ ಹಾಕಿದ ಪುಡಿ ಪೂರ್ತಿ ತೊಳೆದು ಹೋಗುವುದಿಲ್ಲ. ಅದರ ಜೊತೆ ತೆಂಗಿನೆಣ್ಣೆ. ತಲೆಗೆ ಹಚ್ಚಿದ್ದು ಬೈರಾಸಿಗೆ, ತಲೆದಿಂಬಿನ ಕವರಿಗೆ ಬರುತ್ತದೆ. ತಣ್ಣೀರಿನಲ್ಲಿ ಅದು ಬಿಡುವುದಿಲ್ಲ. ಎಣ್ಣೆ, ಪುಡಿ, ಬಟ್ಟೆಯ ಜುಂಗು ಸೇರಿ ಡ್ರಮ್ಮಿನ ಹಿಂದೆ, ನಮ್ಮ ಕಣ್ಣಿಗೆ ಕಾಣದ ಕಡೆ ಜಿಡ್ಡಾಗಿ ಕೂರುತ್ತದೆ. ವಾಸನೆಗೆ ಅದೇ ಆಹಾರ. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಅಲ್ಯೂಮಿನಿಯಂ ತೋಳುಗಳನ್ನೂ ಈ ಜಿಡ್ಡು ನಿಧಾನಕ್ಕೆ ತಿನ್ನುತ್ತದೆ. ಅದು ಮುರಿದರೆ ದೊಡ್ಡ ಖರ್ಚು.

ಈಗ ಪುಡಿ ಮೊದಲಿನ ಅರ್ಧಕ್ಕಿಂತ ಕಡಿಮೆ. ಕಂಫರ್ಟ್ ತರಹದ ಘಮಘಮ ದ್ರವ ಪೂರ್ತಿ ನಿಲ್ಲಿಸಿದೆ, ಅದೂ ಜಿಡ್ಡೇ. ಬೈರಾಸು, ದಿಂಬಿನ ಕವರು ಬೇರೆಯೇ ಹಾಕಿ 60 ಡಿಗ್ರಿ. ಕರೆಂಟ್ ಬಿಲ್ ಸ್ವಲ್ಪ ಹೆಚ್ಚು ಬರುತ್ತದೆ, ನನಗೆ ಅದು ಪರವಾಗಿಲ್ಲ.

ಮುಂಭಾಗದ ಕೆಳಗೆ ಒಂದು ಚಿಕ್ಕ ಮುಚ್ಚಳ ಇದೆಯಲ್ಲ, ಅದರ ಹಿಂದೆ ಡ್ರೈನ್ ಪಂಪಿನ ಫಿಲ್ಟರ್. ಆರು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ. ಪ್ಲಗ್ ಕಿತ್ತು, ಒಳಗಿನ ನೀರು ತಣ್ಣಗಾದ ಮೇಲೆ ತೆಗೆಯಬೇಕು. ನೀರು ಹಿಡಿಯಲು ಅಷ್ಟು ತಗ್ಗಿನಲ್ಲಿ ಯಾವ ಪಾತ್ರೆಯೂ ಹೋಗಲಿಲ್ಲ, ಅಡಿಕೆ ಹಾಳೆಯ ತಟ್ಟೆ ಸರಿಯಾಗಿ ಹೋಯಿತು. ಫಿಲ್ಟರ್ ನಿಧಾನ ತಿರುಗಿಸಿ, ತಟ್ಟೆ ತುಂಬಿದಾಗ ಬಿಗಿ ಮಾಡಿ, ಚೆಲ್ಲಿ, ಪುನಃ ತಿರುಗಿಸಿ, ಹೀಗೆ ಎಂಟು ಹತ್ತು ಸಲ. ಎರಡು ರೂಪಾಯಿ ನಾಣ್ಯ, ಸೇಫ್ಟಿ ಪಿನ್, ಶರ್ಟಿನ ಗುಂಡಿ, ಕೈಮುಷ್ಟಿಯಷ್ಟು ಕೂದಲಿನ ಉಂಡೆ ಸಿಕ್ಕಿತು. ಈಗ ತಿಂಗಳಿಗೊಮ್ಮೆ ತೆಗೆಯುತ್ತೇನೆ, ಐದು ನಿಮಿಷದ ಕೆಲಸ.

ನೀರು ಒಳಬರುವ ಪೈಪಿನ ಬುಡದಲ್ಲೂ ಒಂದು ಪುಟ್ಟ ಜಾಲರಿ ಇದೆ. ಮೊದಲ ಮಳೆಗೆ ಬಾವಿ ಕಲಕಿದಾಗ ಅದರಲ್ಲಿ ಕೆಂಪು ಮಣ್ಣು ತುಂಬಿ, ಮಷಿನ್ ನೀರು ಬರುತ್ತಿಲ್ಲ ಅಂತ ನಿಂತುಬಿಡುತ್ತದೆ. ನಳ್ಳಿ ಬಂದ್ ಮಾಡಿ, ಪೈಪ್ ಬಿಚ್ಚಿ, ಇಕ್ಕಳದಿಂದ ಜಾಲರಿ ಎಳೆದು ಬ್ರಷ್‌ನಲ್ಲಿ ತೊಳೆದು ಹಾಕಿದರೆ ಸರಿಯಾಗುತ್ತದೆ. ಪೈಪನ್ನು ಕೈಯಲ್ಲೇ ಬಿಗಿ ಮಾಡಬೇಕು, ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ತಿರುಪು ಹಾಳಾಗುತ್ತದೆ.

ಒಗೆದಾದ ಮೇಲೆ ರಬ್ಬರ್ ಒಮ್ಮೆ ಒರೆಸಿ, ಪುಡಿಯ ಡಬ್ಬಿ ಮತ್ತು ಬಾಗಿಲು ತೆರೆದೇ ಇಡುತ್ತೇವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಗಿಲ ಮೇಲೆ ಕಣ್ಣಿರಲಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಜಡಿಮಳೆ ಕಾಲ) ತೆರೆದಿಟ್ಟರೂ ಒಳಗೆ ಒಣಗುವುದಿಲ್ಲ, ಆಗ ರಾತ್ರಿ ಒಂದು ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿಡುತ್ತೇನೆ. ಮೇ ಮತ್ತು ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು, ಇದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ. ಹಳೆಯ ರಬ್ಬರ್ ಈಗಲೂ ಅದೇ ಇದೆ, ನೀರು ಸೋರುತ್ತಿಲ್ಲ. ಕಳೆದ ಆಟಿಯಲ್ಲಿ ಮೂರು ದಿನ ಜಗಲಿಯಲ್ಲಿ ನೇತಾಡಿದ ಬೈರಾಸಿಗೆ ಚೂರೂ ವಾಸನೆ ಬರಲಿಲ್ಲ.