ಸರ್ವರ್ ಕೊಂಡಾಯಿತು, ಕ್ಯಾಲ್ ಎಷ್ಟು ಬೇಕು?

ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಹಾಕಿಸಲು ಕೊಟೇಶನ್ ತರಿಸಿದಾಗ ಅದರಲ್ಲಿ ಎರಡು ಸಾಲು ಇರಬೇಕು. ಒಂದು ಸರ್ವರ್ ಸಾಫ್ಟ್‌ವೇರ್‌ನದು, ಇನ್ನೊಂದು ಕ್ಯಾಲ್‌ನದು. ಎರಡನೆಯ ಸಾಲೇ ಇಲ್ಲದ ಕೊಟೇಶನ್ ಅಗ್ಗವಾಗಿ ಕಾಣುತ್ತದೆ, ಸಣ್ಣ ಉದ್ದಿಮೆಯ ಮಾಲೀಕರು ಅದನ್ನೇ ಒಪ್ಪಿಬಿಡುತ್ತಾರೆ. ಕ್ಲೈಂಟ್ ಆ್ಯಕ್ಸೆಸ್ ಲೈಸೆನ್ಸ್, ಅಂದರೆ ಕ್ಯಾಲ್, ಒಂದು ಸಾಫ್ಟ್‌ವೇರ್ ಅಲ್ಲ. ಸರ್ವರ್‌ನಲ್ಲಿರುವ ಫೈಲು, ಪ್ರಿಂಟರ್, ಲಾಗಿನ್ ಮುಂತಾದ ಸೇವೆಗಳನ್ನು ಬಳಸುವವರಿಗೆ ಬೇಕಾದ ಅನುಮತಿ. ಸಾಮಾನ್ಯ ಕ್ಯಾಲ್ ಇಲ್ಲದಿದ್ದರೂ ಸರ್ವರ್ ತಕರಾರು ಮಾಡುವುದಿಲ್ಲ, ಎಲ್ಲವೂ ನಡೆಯುತ್ತಲೇ ಇರುತ್ತದೆ. ಲೈಸೆನ್ಸ್ ಪರಿಶೀಲನೆಗೆ ಮೈಕ್ರೋಸಾಫ್ಟ್ ಕಡೆಯಿಂದ ಪತ್ರ ಬಂದ ದಿನ ಮಾತ್ರ ಕೊರತೆ ಹೊರಬೀಳುತ್ತದೆ. ಆದ್ದರಿಂದ ಈ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡಬೇಕು.

ಮೊದಲು ಸರ್ವರ್‌ನ ಲೆಕ್ಕ ಮುಗಿಸಿ

2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್‌ನ ಸ್ಟ್ಯಾಂಡರ್ಡ್ ಮತ್ತು ಡೇಟಾಸೆಂಟರ್ ಲೈಸೆನ್ಸ್‌ಗಳು ಪ್ರೊಸೆಸರ್‌ನ ಕೋರ್‌ಗಳ (ಅದರೊಳಗೆ ಕೆಲಸ ಮಾಡುವ ಘಟಕಗಳ) ಲೆಕ್ಕದಲ್ಲಿವೆ. ಒಂದು ಸರ್ವರ್‌ಗೆ ಕನಿಷ್ಠ 16 ಕೋರ್. ನಿಮ್ಮ ಯಂತ್ರದಲ್ಲಿ 8 ಕೋರ್ ಮಾತ್ರ ಇದ್ದರೂ 16ಕ್ಕೇ ಕೊಳ್ಳಬೇಕು. ಇಷ್ಟಕ್ಕೆ ಸರ್ವರ್ ನಡೆಸುವ ಹಕ್ಕು ಬಂತು, ಅದನ್ನು ಬಳಸುವವರ ಹಕ್ಕು ಇನ್ನೂ ಬಂದಿಲ್ಲ. ತೀರಾ ಚಿಕ್ಕ ಕಚೇರಿಯಾದರೆ ಎಸೆನ್ಷಿಯಲ್ಸ್ ಆವೃತ್ತಿಯ ಬಗ್ಗೆ ವಿಚಾರಿಸಿ. 25 ಬಳಕೆದಾರರು, 50 ಸಾಧನಗಳವರೆಗೆ ಅದಕ್ಕೆ ಕ್ಯಾಲ್ ಬೇಕಿಲ್ಲ.

ಜನರನ್ನೂ ಯಂತ್ರಗಳನ್ನೂ ಬೇರೆ ಬೇರೆ ಎಣಿಸಿ

ಕ್ಯಾಲ್‌ನಲ್ಲಿ ಎರಡು ಬಗೆ. ಯೂಸರ್ ಕ್ಯಾಲ್ ಒಬ್ಬ ವ್ಯಕ್ತಿಗೆ: ಆತ ಕಚೇರಿಯ ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲ್ ಯಾವುದರಿಂದ ಬಂದರೂ ಒಂದೇ ಸಾಕು. ಡಿವೈಸ್ ಕ್ಯಾಲ್ ಒಂದು ಯಂತ್ರಕ್ಕೆ: ಅದರ ಮುಂದೆ ಎಷ್ಟು ಜನ ಬದಲಾದರೂ ಒಂದೇ.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ ಎಂದುಕೊಳ್ಳಿ. ಮೂರು ಪಾಳಿಗಳಲ್ಲಿ 45 ಕಾರ್ಮಿಕರು, ಉತ್ಪಾದನೆಯ ಲೆಕ್ಕ ಬರೆಯಲು ಶಾಪ್ ಫ್ಲೋರ್‌ನಲ್ಲಿ 6 ಕಂಪ್ಯೂಟರ್. ಆಫೀಸು ಮತ್ತು ಮಾರಾಟ ವಿಭಾಗದಲ್ಲಿ ಮಾಲೀಕರೂ ಸೇರಿ 14 ಜನ, ಅವರ ಕೈಯಲ್ಲಿ ಒಟ್ಟು 30 ಸಾಧನ. ಎಲ್ಲರಿಗೂ ಯೂಸರ್ ಕ್ಯಾಲ್ ಕೊಂಡರೆ 59 ಬೇಕು. ಎಲ್ಲವನ್ನೂ ಡಿವೈಸ್ ಲೆಕ್ಕದಲ್ಲಿ ಕೊಂಡರೆ 36. ಶಾಪ್ ಫ್ಲೋರ್‌ಗೆ 6 ಡಿವೈಸ್, ಆಫೀಸಿಗೆ 14 ಯೂಸರ್ ಎಂದು ಬೆರೆಸಿದರೆ 20ರಲ್ಲಿ ಮುಗಿಯಿತು. ಹೀಗೆ ಬೆರೆಸಲು ನಿಯಮದಲ್ಲಿ ಅಡ್ಡಿಯಿಲ್ಲ. ಆದರೂ ಎಲ್ಲರಿಗೂ ಒಂದೇ ಬಗೆ ಬರೆದುಕೊಡುವ ಮಾರಾಟಗಾರರೇ ಹೆಚ್ಚು, ಆ ವ್ಯತ್ಯಾಸದ ಹಣ ಹೋಗುವುದು ನಿಮ್ಮ ಜೇಬಿನಿಂದ. ಆಸ್ಪತ್ರೆಯ ನರ್ಸಿಂಗ್ ಸ್ಟೇಶನ್, ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್‌ಗಳಿಗೂ ಇದೇ ಲೆಕ್ಕ ಹೊಂದುತ್ತದೆ.

ಒಬ್ಬರ ಹೆಸರಿನ ಯೂಸರ್ ಕ್ಯಾಲ್ ಅನ್ನು ಪಾಳಿಗೊಬ್ಬರಂತೆ ಹಂಚಿಕೊಳ್ಳುವಂತಿಲ್ಲ. ಮುಂದೆ ಇನ್ನೊಂದು ವಿಂಡೋಸ್ ಸರ್ವರ್ ಸೇರಿಸಿದರೆ ಮಾತ್ರ ಚಿಂತೆ ಬೇಡ: ಆವೃತ್ತಿ ಹೊಂದಿದರೆ ಅವೇ ಕ್ಯಾಲ್‌ಗಳು ಅದಕ್ಕೂ ಸಲ್ಲುತ್ತವೆ.

ಆವೃತ್ತಿ ನೋಡಿ

ಹೊಸ ಕ್ಯಾಲ್ ಹಳೆಯ ಸರ್ವರ್‌ಗೆ ನಡೆಯುತ್ತದೆ, ಹಳೆಯ ಕ್ಯಾಲ್ ಹೊಸ ಸರ್ವರ್‌ಗೆ ನಡೆಯುವುದಿಲ್ಲ. 2022ರ ಕ್ಯಾಲ್ ಇದ್ದವರು 2019ರ ಸರ್ವರ್ ಬಳಸಬಹುದು, 2025ರದ್ದನ್ನು ಬಳಸುವಂತಿಲ್ಲ.

ಟ್ಯಾಲಿಯನ್ನು ರಿಮೋಟ್‌ನಲ್ಲಿ ತೆರೆಯುವವರು ಇಲ್ಲಿ ನಿಲ್ಲಿ

ನಮ್ಮ ಕಡೆ ಹೆಚ್ಚು ಮಂದಿ ಎಡವುವುದು ಇಲ್ಲೇ. ಟ್ಯಾಲಿಯನ್ನು ಸರ್ವರ್‌ನಲ್ಲಿಟ್ಟು, ಬ್ರಾಂಚಿನವರು, ಆಡಿಟರು, ಮನೆಯಿಂದ ಕೆಲಸ ಮಾಡುವವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಬರುತ್ತಾರೆ. ಟ್ಯಾಲಿಯ ಮಲ್ಟಿ ಯೂಸರ್ ಲೈಸೆನ್ಸ್ ಟ್ಯಾಲಿಗೆ ಮಾತ್ರ. ರಿಮೋಟ್ ಡೆಸ್ಕ್‌ಟಾಪ್‌ಗೆ ಸಾಮಾನ್ಯ ಕ್ಯಾಲ್ ಜೊತೆಗೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಕ್ಯಾಲ್ ಎಂಬ ಇನ್ನೊಂದು ಬೇಕು, ಒಂದು ಇನ್ನೊಂದರ ಬದಲಿಯಲ್ಲ. ಲೈಸೆನ್ಸ್ ಇಲ್ಲದೆ ಸಿಗುವ ಎರಡು ರಿಮೋಟ್ ಸಂಪರ್ಕಗಳು ಸರ್ವರ್ ನಿರ್ವಹಣೆಗೆಂದೇ ಇರುವಂಥವು, ವೋಚರ್ ಹಾಕಲು ಅಲ್ಲ.

ಆರ್‌ಡಿಎಸ್ ಅಳವಡಿಸಿದ ಮೇಲೆ 120 ದಿನ ಕಾಲಾವಕಾಶ ಇರುತ್ತದೆ. ಅಷ್ಟರೊಳಗೆ ಆರ್‌ಡಿಎಸ್ ಕ್ಯಾಲ್‌ಗಳ ಲೆಕ್ಕ ಇಡುವ ಲೈಸೆನ್ಸಿಂಗ್ ಸರ್ವರ್‌ನಲ್ಲಿ ಅವನ್ನು ಹಾಕದಿದ್ದರೆ ಸಂಪರ್ಕ ನಿರಾಕರಿಸಲಾಗುತ್ತದೆ. ನಾಲ್ಕು ತಿಂಗಳು ಸರಾಗವಾಗಿ ನಡೆದು ಜಿಎಸ್‌ಟಿ ರಿಟರ್ನ್ಸ್ ತುಂಬುವ ದಿನ ಲಾಗಿನ್ ನಿಂತುಹೋಗುವುದರ ಹಿಂದೆ ಈ ಕಾರಣ ಇರಬಹುದು. ಆಗ ಸಿಸ್ಟಮ್ ಫೈಲು ತಿದ್ದಿ ‘ಸರಿ’ ಮಾಡಿಕೊಡುತ್ತೇನೆ ಎನ್ನುವವರನ್ನು ದಯವಿಟ್ಟು ಒಳಗೆ ಬಿಡಬೇಡಿ. ಅದು ಲೈಸೆನ್ಸ್ ಉಲ್ಲಂಘನೆ, ನಿಮ್ಮ ಇಡೀ ಲೆಕ್ಕಪತ್ರವಿರುವ ಯಂತ್ರದ ಭದ್ರತೆಗೂ ಅಪಾಯ.

ಡೊಮೈನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದೆ, ಪ್ರತಿ ಯಂತ್ರವೂ ತನ್ನ ಲಾಗಿನ್ ತಾನೇ ಇಟ್ಟುಕೊಳ್ಳುವ ಬರೀ ವರ್ಕ್‌ಗ್ರೂಪ್‌ನಲ್ಲಿ ಸರ್ವರ್ ಇಟ್ಟುಕೊಂಡ ಕಚೇರಿಗಳಿಗೆ ಇನ್ನೊಂದು ಎಚ್ಚರಿಕೆ. 2019 ಹಾಗೂ ನಂತರದ ಆವೃತ್ತಿಗಳಲ್ಲಿ ಇಂಥ ಕಡೆ ಯೂಸರ್ ಬಗೆಯ ಆರ್‌ಡಿಎಸ್ ಕ್ಯಾಲ್ ಹಾಕಿದರೆ ಸೆಷನ್ 60 ನಿಮಿಷಕ್ಕೆ ಕಡಿದುಹೋಗುತ್ತದೆ. ಡಿವೈಸ್ ಬಗೆಯದನ್ನೇ ಕೊಳ್ಳಿ, ಇಲ್ಲವೇ ಡೊಮೈನ್ ಮಾಡಿಸಿ.

ಡೇಟಾಬೇಸ್ ಇದ್ದರೆ

ನಿಮ್ಮ ಇಆರ್‌ಪಿ (ಇಡೀ ಉದ್ದಿಮೆಯ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಬಳಸುತ್ತಿದ್ದರೆ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಉಂಟು. ಸ್ಟ್ಯಾಂಡರ್ಡ್ ಆವೃತ್ತಿಯನ್ನು ‘ಸರ್ವರ್ ಜೊತೆ ಕ್ಯಾಲ್’ ಎಂದೂ ಕೊಳ್ಳಬಹುದು, ಕೋರ್ ಲೆಕ್ಕದಲ್ಲೂ ಕೊಳ್ಳಬಹುದು. ಕೋರ್ ಲೆಕ್ಕದಲ್ಲಿ ಎಸ್‌ಕ್ಯೂಎಲ್ ಕ್ಯಾಲ್ ಬೇಕಿಲ್ಲ. ಬಳಕೆದಾರರು ಕಡಿಮೆಯಿದ್ದರೆ ಮೊದಲನೆಯದು ಹಗುರ. ಸಾಫ್ಟ್‌ವೇರ್ ಒಂದೇ ಲಾಗಿನ್‌ನಿಂದ ಡೇಟಾಬೇಸ್‌ಗೆ ಹೋಗುತ್ತದೆ, ಹಾಗಾಗಿ ಒಂದೇ ಕ್ಯಾಲ್ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡುವೆ ಏನೇ ಇರಲಿ, ಆಚೆ ತುದಿಯಲ್ಲಿ ಕೂತ ಪ್ರತಿಯೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಡೇಟಾ ಚಿಕ್ಕದಿದ್ದರೆ ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಸಾಕಾಗಬಹುದು. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ.

ಕಾಗದ ಜೋಪಾನ

ಸಾಮಾನ್ಯ ಕ್ಯಾಲ್ ಸರ್ವರ್‌ನೊಳಗೆ ಎಲ್ಲೂ ಕಾಣಿಸದ ಕಾರಣ ಬಿಲ್ ಮತ್ತು ಲೈಸೆನ್ಸ್ ಪತ್ರವೇ ಸಾಕ್ಷಿ. ತೀರಾ ಅಗ್ಗಕ್ಕೆ ಇಮೇಲ್‌ನಲ್ಲಿ ಬರೀ ಕೀ ಕಳಿಸುವ ಆನ್‌ಲೈನ್ ಅಂಗಡಿಗಳಿಂದ ಆ ಸಾಕ್ಷಿ ಸಿಗುವುದಿಲ್ಲ. ಬಿಲ್ಲಿನಲ್ಲಿ ಆವೃತ್ತಿ, ಯೂಸರ್ ಅಥವಾ ಡಿವೈಸ್, ಸಂಖ್ಯೆ ಇವು ಮೂರೂ ಬರೆದಿರಬೇಕು. ಲೈಸೆನ್ಸ್ ನಿಮ್ಮ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಲಿ, ಸರ್ವರ್ ಹಾಕಿಕೊಟ್ಟವರ ಹೆಸರಿನಲ್ಲಿ ಬೇಡ.